ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ಉಳಿಸಬೇಕಾದದ್ದು ಯಾವುದು?

2025ರ ಫೆಬ್ರುವರಿ 14ರ ಮಧ್ಯಾಹ್ನ ಲಂಡನ್ನಿನ ಮೇರಿಲೆಬೋನ್ ಪ್ರದೇಶದ ಒಂದು ದುಬಾರಿ ಹೋಟೆಲಿಗೆ ಬೆಂಕಿ ಬಿತ್ತು. ಅದನ್ನು ಆರಿಸಲು ಇಪ್ಪತ್ತು ಅಗ್ನಿಶಾಮಕ ವಾಹನಗಳೂ ಸುಮಾರು 125 ಸಿಬ್ಬಂದಿಯೂ ಬೇಕಾದರು. ಹೋಟೆಲಿನ ಹೆಸರು ಚಿಲ್ಟರ್ನ್ ಫೈರ್‌ಹೌಸ್. 1889ರಲ್ಲಿ ರಾಬರ್ಟ್ ಪಿಯರ್ಸಾಲ್ ಅವರ ವಿನ್ಯಾಸದಲ್ಲಿ ಗಾಥಿಕ್ ಶೈಲಿಯಲ್ಲಿ ಎದ್ದುನಿಂತ ಈ ಕೆಂಪು ಇಟ್ಟಿಗೆಯ ಕಟ್ಟಡವು 2005ರವರೆಗೂ ಮ್ಯಾಂಚೆಸ್ಟರ್ ಸ್ಕ್ವೇರ್ ಅಗ್ನಿಶಾಮಕ ಠಾಣೆಯಾಗಿತ್ತು. ಬೆಂಕಿ ಆರಿಸುವವರ ಮನೆಗೇ ಬೆಂಕಿ ಬಿದ್ದ ಈ ವಿಪರ್ಯಾಸವು ಪತ್ರಿಕೆಗಳಿಗೆ ಸಹಜವಾಗಿಯೇ ತಲೆಬರಹವಾಯಿತು. ಆದರೆ ಸುದ್ದಿಯ ಒಳಪುಟದಲ್ಲಿದ್ದ ಒಂದು ವಿವರಕ್ಕೆ ಅಷ್ಟು ಗಮನ ಸಿಗಲಿಲ್ಲ: ನೆಲಮಹಡಿಯಿಂದ ಚಾವಣಿಯವರೆಗೆ ಏರಿದ್ದ ಗಾಳಿಕೊಳವೆಗೆ ಬೆಂಕಿ ಹತ್ತಿಕೊಂಡಿತ್ತು ಎಂದು ಅಗ್ನಿಶಾಮಕ ದಳ ಹೇಳಿತ್ತು.

ಹೊರಗಿನಿಂದ ನೋಡಿದರೆ ಆ ಕಟ್ಟಡ ಹತ್ತೊಂಬತ್ತನೆಯ ಶತಮಾನದ್ದಾಗಿಯೇ ಉಳಿದಿತ್ತು. ಒಳಗೆ ಮಾತ್ರ ಅದು ಬೇರೊಂದು ದೇಹವಾಗಿತ್ತು. ಅಡುಗೆಮನೆಯ ಹೊಗೆ, ಅತಿಥಿಗಳ ಕೋಣೆ, ನೀರು, ಗಾಳಿ, ವಿದ್ಯುತ್ತು ಎಲ್ಲವೂ ಹೊಸ ದಾರಿಗಳಲ್ಲಿ ಹರಿಯುತ್ತಿದ್ದವು. ಪಾರಂಪರಿಕ ಅಗ್ನಿಶಾಮಕ ಠಾಣೆಗಳನ್ನು ಏನು ಮಾಡಬೇಕೆಂಬ ಚರ್ಚೆ ಈಗ ಹಲವು ನಗರಗಳಲ್ಲಿ ನಡೆಯುತ್ತಿದೆ. ಬಹುಪಾಲು ಚರ್ಚೆ ನಿಲ್ಲುವುದು ಮುಂಭಾಗದ ಗೋಡೆಯ ಬಳಿಯಲ್ಲಿ. ಕಮಾನು ಉಳಿಯಿತೇ, ಗೋಪುರ ಉಳಿಯಿತೇ, ಕಲ್ಲಿನಲ್ಲಿ ಕೆತ್ತಿದ ಹೆಸರು ಉಳಿಯಿತೇ ಎಂದು ನೋಡಿ, ಉಳಿದಿದ್ದರೆ ಕಟ್ಟಡ ಉಳಿಯಿತೆಂದು ತೃಪ್ತಿಪಡುತ್ತೇವೆ. ಈ ಲೇಖನದ ವಾದ ಬೇರೆ. ಅಗ್ನಿಶಾಮಕ ಠಾಣೆಯ ನಿಜವಾದ ವಾಸ್ತುಶಿಲ್ಪವಿರುವುದು ಹಾಸಿಗೆಯಿಂದ ರಸ್ತೆಯವರೆಗಿನ ದಾರಿಯಲ್ಲಿ. ಬಳಕೆ ಬದಲಾದಾಗ ಮೊದಲು ಅಳಿಸಿಹೋಗುವುದೂ ಆ ದಾರಿಯೇ.

ಈ ಬಗೆಯ ಕಟ್ಟಡ ಬಹಳ ಹಳೆಯದೇನೂ ಅಲ್ಲ. ಲಂಡನ್ನಿನಲ್ಲಿ ಬೆಂಕಿ ಆರಿಸುವ ಹೊಣೆ ಬಹುಕಾಲ ವಿಮಾ ಕಂಪನಿಗಳ ಕೈಯಲ್ಲಿತ್ತು. 1833ರಲ್ಲಿ ಆ ಕಂಪನಿಗಳು ತಮ್ಮ ತಮ್ಮ ದಳಗಳನ್ನು ಒಗ್ಗೂಡಿಸಿ, ಎಡಿನ್‌ಬರೋದಿಂದ ಬಂದ ಜೇಮ್ಸ್ ಬ್ರೇಡ್‌ವುಡ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿಕೊಂಡವು. ಸರಕನ್ನು ಉಳಿಸುವುದು ಕಂಪನಿಗಳ ಗುರಿಯಾಗಿತ್ತು. ಯಂತ್ರ ನಿಲ್ಲಿಸಲು ಒಂದು ಕೊಟ್ಟಿಗೆ ಸಿಕ್ಕರೆ ಅವುಗಳಿಗೆ ಸಾಕಿತ್ತು. 1861ರ ಟೂಲಿ ಸ್ಟ್ರೀಟ್ ಅಗ್ನಿ ದುರಂತದಲ್ಲಿ ಥೇಮ್ಸ್ ದಂಡೆಯ ಗೋದಾಮುಗಳು ದಿನಗಟ್ಟಲೆ ಉರಿದವು, ಗೋಡೆ ಕುಸಿದು ಬ್ರೇಡ್‌ವುಡ್ ಅವರೇ ಪ್ರಾಣ ಕಳೆದುಕೊಂಡರು. ಇಷ್ಟು ದೊಡ್ಡ ನಷ್ಟವನ್ನು ಹೊರಲಾಗದ ಕಂಪನಿಗಳು ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸಲು ಮುಂದಾದವು. 1865ರ ಕಾಯ್ದೆಯ ಮೂಲಕ ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್ ರೂಪುಗೊಂಡು, ಮರುವರ್ಷದಿಂದ ಸಾರ್ವಜನಿಕ ಹಣದಲ್ಲಿ ಕೆಲಸ ಮಾಡತೊಡಗಿತು. ಅಮೆರಿಕದಲ್ಲಿ ಸ್ವಯಂಸೇವಕ ಸಂಘಗಳ ಬದಲಿಗೆ ಸಂಬಳದ ದಳವನ್ನು ಸಿನ್ಸಿನಾಟಿ ನಗರ 1853ರಲ್ಲಿ ಕಟ್ಟಿತ್ತು, ನ್ಯೂಯಾರ್ಕ್ 1865ರಲ್ಲಿ ಅದೇ ಹಾದಿ ಹಿಡಿಯಿತು.

ಹಣ ಸಾರ್ವಜನಿಕರದ್ದಾದೊಡನೆ ಕಟ್ಟಡದ ಮಾತೂ ಬದಲಾಯಿತು. ತೆರಿಗೆ ಕಟ್ಟಿದವರಿಗೆ ತಮ್ಮ ರಕ್ಷಣೆ ಎಲ್ಲಿದೆಯೆಂದು ಕಣ್ಣಿಗೆ ಕಾಣಬೇಕಿತ್ತು. ನ್ಯೂಯಾರ್ಕಿನಲ್ಲಿ ನೆಪೋಲಿಯನ್ ಲಬ್ರುನ್ ಅವರ ಸಂಸ್ಥೆಯೊಂದೇ 1880ರ ಆಸುಪಾಸಿನಿಂದ 1895ರವರೆಗೆ ನಲವತ್ತರಷ್ಟು ಠಾಣೆಗಳನ್ನು ವಿನ್ಯಾಸಗೊಳಿಸಿತು. ಅವುಗಳಲ್ಲಿ 1895ರ ಎಂಜಿನ್ ಕಂಪನಿ 31ರ (ಅಲ್ಲಿ ಅಗ್ನಿಶಾಮಕ ದಳದ ಒಂದು ಘಟಕಕ್ಕೆ ‘ಕಂಪನಿ’ ಎನ್ನುತ್ತಾರೆ) ಕಟ್ಟಡ, ಲಫಾಯೆಟ್ ಬೀದಿಯ ಮೂಲೆಯಲ್ಲಿ ಫ್ರಾನ್ಸಿನ ಲ್ವಾರ್ ಕಣಿವೆಯ ಅರಮನೆಯೊಂದನ್ನು ಎತ್ತಿ ತಂದಿಟ್ಟಂತಿದೆ. ಅದೇ ಹೊತ್ತಿಗೆ ಲಂಡನ್ನಿನ ಆಡಳಿತ ಸಂಸ್ಥೆಯಾದ ಲಂಡನ್ ಕೌಂಟಿ ಕೌನ್ಸಿಲ್ ಬೇರೆಯೇ ದಿಕ್ಕಿನಲ್ಲಿ ನಡೆಯಿತು. ಕಾರ್ಮಿಕರ ವಸತಿ ಯೋಜನೆಗಳಲ್ಲಿ ಪಳಗಿದ್ದ ಓವನ್ ಫ್ಲೆಮಿಂಗ್, ಚಾರ್ಲ್ಸ್ ಕ್ಯಾನಿಂಗ್ ವಿನ್ಮಿಲ್ ಮೊದಲಾದ ವಾಸ್ತುಶಿಲ್ಪಿಗಳು ಅಲ್ಲಿನ ಅಗ್ನಿಶಾಮಕ ವಿಭಾಗಕ್ಕೆ ಬಂದರು. ಅದರ ಫಲವಾಗಿ ಯೂಸ್ಟನ್ ರಸ್ತೆಯ 1902ರ ಠಾಣೆಯಂಥವು ಕೋಟೆಯ ಠೀವಿ ಬಿಟ್ಟು, ಹೊರಚಾಚಿದ ಕಿಟಕಿಗಳ ದೊಡ್ಡದೊಂದು ಮನೆಯಂತೆ ಕಾಣುತ್ತವೆ. ಅವು ನಿಜಕ್ಕೂ ಮನೆಗಳೇ ಆಗಿದ್ದವು; ಸಿಬ್ಬಂದಿ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಮೇಲಿನ ಮಹಡಿಗಳಲ್ಲಿ ವಾಸವಾಗಿದ್ದರು.

ಶೈಲಿ ಯಾವುದೇ ಇರಲಿ, ಒಳಗಿನ ಲೆಕ್ಕಾಚಾರ ಎಲ್ಲೆಡೆ ಒಂದೇ ಆಗಿತ್ತು, ಮತ್ತು ಆ ಲೆಕ್ಕಾಚಾರದ ನಡುವೆ ನಿಂತಿದ್ದದ್ದು ಕುದುರೆ. ಉಗಿಯಂತ್ರದ ಪಂಪು ನೆಲಮಹಡಿಯಲ್ಲಿ ಬಾಗಿಲಿಗೆ ಮುಖಮಾಡಿ ನಿಂತಿರುತ್ತಿತ್ತು. ಅದರ ಬಾಯ್ಲರಿನ ನೀರನ್ನು ಸದಾ ಬಿಸಿಯಾಗಿಡುವುದು ರೂಢಿ, ಇಲ್ಲವಾದರೆ ಸ್ಥಳ ಮುಟ್ಟಿದ ಮೇಲೂ ಉಗಿ ಏರಲು ಕಾಯಬೇಕಾಗುತ್ತಿತ್ತು. ಕುದುರೆಗಳ ಲಾಯ ಹಿಂಬದಿಯಲ್ಲೋ ಪಕ್ಕದಲ್ಲೋ ಇರುತ್ತಿತ್ತು. ಗಂಟೆ ಬಾರಿಸಿದೊಡನೆ ಲಾಯದ ಬಾಗಿಲು ತೆರೆದುಕೊಳ್ಳುತ್ತಿತ್ತು. ಪಳಗಿದ ಕುದುರೆಗಳು ತಾವಾಗಿಯೇ ಬಂದು ಯಂತ್ರದ ಮುಂದೆ ನಿಲ್ಲುತ್ತಿದ್ದವು. ಚಾವಣಿಯಿಂದ ತೂಗುಹಾಕಿದ್ದ ಸಜ್ಜು ಅವುಗಳ ಬೆನ್ನ ಮೇಲೆ ಇಳಿಯುತ್ತಿತ್ತು. ಕೊರಳಪಟ್ಟಿಯ ಕೊಂಡಿ ಬಿಗಿದರೆ ಹೊರಡಲು ಸಿದ್ಧ. ಈ ಕೆಲಸಕ್ಕೆ ನೆಲಮಹಡಿಯ ನಡುವೆ ಕಂಬ ಇರಬಾರದು, ಚಾವಣಿ ಎತ್ತರವಾಗಿರಬೇಕು, ಬಾಗಿಲು ನೇರವಾಗಿ ಬೀದಿಗೇ ತೆರೆಯಬೇಕು. ಇಂದು ಚಿತ್ರಗ್ರಾಹಕರು ಮೆಚ್ಚಿ ಸೆರೆಹಿಡಿಯುವ ಸಾಲು ಕಮಾನುಗಳು ಹುಟ್ಟಿದ್ದು ಹೀಗೆ.

ಮೇಲಿನ ಮಹಡಿಯಲ್ಲಿ ಕುದುರೆಗಳ ಹುಲ್ಲು ಇಡಬೇಕಿತ್ತು, ಅದರ ಪಕ್ಕದಲ್ಲೇ ಜನ ಮಲಗಬೇಕಿತ್ತು. ಅಗಲವಾದ ಮೆಟ್ಟಿಲನ್ನು ಕುದುರೆಗಳು ಹತ್ತಿಬಿಡುತ್ತಿದ್ದವಂತೆ, ಆದ್ದರಿಂದ ಹಲವು ಠಾಣೆಗಳಲ್ಲಿ ಕಿರಿದಾದ ಸುರುಳಿ ಮೆಟ್ಟಿಲು ಬಂತು. ಸುರುಳಿ ಮೆಟ್ಟಿಲಿನಲ್ಲಿ ಹತ್ತು ಜನ ಒಟ್ಟಿಗೆ ಓಡಿ ಇಳಿಯುವುದು ಆಗದ ಮಾತು. ಆ ತೊಡಕಿಗೆ ಉತ್ತರವಾಗಿ ಬಂದದ್ದು ಜಾರುವ ಕಂಬ. ಷಿಕಾಗೋದ ಎಂಜಿನ್ ಕಂಪನಿ 21ರಲ್ಲಿ, ಕರಿಯ ಸಿಬ್ಬಂದಿಯೇ ಇದ್ದ ಠಾಣೆಯಲ್ಲಿ, ಕ್ಯಾಪ್ಟನ್ ಡೇವಿಡ್ ಕೆನ್ಯನ್ 1878ರಲ್ಲಿ ಮರದ ಕಂಬವೊಂದನ್ನು ನೆಡಿಸಿ ಮಹಡಿಯಲ್ಲಿ ರಂಧ್ರ ಕೊರೆಸಿದರು. ಮೊದಮೊದಲು ನಕ್ಕ ಬೇರೆ ಠಾಣೆಗಳವರು, ಈ ದಳ ಸ್ಥಳಕ್ಕೆ ತಮಗಿಂತ ಮೊದಲು ತಲುಪುವುದನ್ನು ಕಂಡು ಸುಮ್ಮನಾದರು. 1880ರಲ್ಲಿ ಬಾಸ್ಟನ್ ನಗರ ಹಿತ್ತಾಳೆಯ ಕಂಬ ಹಾಕಿತು. ಕುದುರೆಯಿಂದ ಮೆಟ್ಟಿಲು, ಮೆಟ್ಟಿಲಿನಿಂದ ಕಂಬ, ಕಂಬದಿಂದ ಮಹಡಿಯ ರಂಧ್ರ: ಇಲ್ಲಿ ಒಂದು ಭಾಗ ಇನ್ನೊಂದನ್ನು ಹೆತ್ತಿದೆ. ಒಂದನ್ನು ಮಾತ್ರ ಅಲಂಕಾರಕ್ಕೆಂದು ಉಳಿಸಿಕೊಂಡರೆ ಉಳಿದವುಗಳ ಅರ್ಥ ಕಳಚಿಹೋಗುತ್ತದೆ.

ಗೋಪುರದ ಕತೆಯೂ ಇಂಥದ್ದೇ. ಹೊಗೆಯನ್ನು ಕಣ್ಣಿನಿಂದ ಹುಡುಕುತ್ತಿದ್ದ ಕಾಲದಲ್ಲಿ ಗೋಪುರವೇ ಮುಖ್ಯವಾಗಿತ್ತು. ಇಸ್ತಾಂಬುಲ್‌ನಲ್ಲಿ 1828ರಲ್ಲಿ ಕಟ್ಟಿದ ಬೆಯಾಜಿತ್ ಗೋಪುರ ಬೆಂಕಿ ಕಾವಲಿಗೆಂದೇ 85 ಮೀಟರು ಎತ್ತರಕ್ಕೆ ನಿಂತಿದೆ. ರಷ್ಯಾದ ಕೋಸ್ತ್ರೊಮಾದಲ್ಲಿ ಅದೇ ದಶಕದ ಕಾವಲು ಗೋಪುರವು ಗ್ರೀಕ್ ದೇವಾಲಯದಂಥ ಕಟ್ಟಡದ ನೆತ್ತಿಯಿಂದ ಮೇಲೇಳುತ್ತದೆ. 1852ರಲ್ಲಿ ಬಾಸ್ಟನ್ ನಗರ ಬೀದಿ ಪೆಟ್ಟಿಗೆಗಳಿಂದ ತಂತಿಯ ಮೂಲಕ ಬೆಂಕಿಯ ಸುದ್ದಿ ಕಳಿಸುವ ವ್ಯವಸ್ಥೆ ಆರಂಭಿಸಿದ ಮೇಲೆ ಕಣ್ಣಿನ ಕಾವಲಿಗೆ ಬೆಲೆ ಇಳಿಯತೊಡಗಿತು. ಆದರೂ ಗೋಪುರ ಕಟ್ಟುವುದು ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ ಇನ್ನೊಂದು ಕೆಲಸವಿತ್ತು. ನಾರಿನ ಮತ್ತು ಹತ್ತಿಯ ಹೋಸ್ ಪೈಪುಗಳು ಒದ್ದೆಯಾಗಿಯೇ ಉಳಿದರೆ ಕೊಳೆತುಹೋಗುತ್ತವೆ. ಐವತ್ತು ಅಡಿ ಉದ್ದದ ಪೈಪನ್ನು ಮಡಿಸದೆ ತೂಗುಹಾಕಿ ನೀರು ಬಸಿಯಬೇಕಾದರೆ ಅಷ್ಟೇ ಎತ್ತರದ ಪೊಳ್ಳು ಬೇಕು. ನಗರದ ಹೆಮ್ಮೆಯ ಸಂಕೇತವೆಂದು ನಾವು ತಲೆಯೆತ್ತಿ ನೋಡುವ ಎಷ್ಟೋ ಗೋಪುರಗಳು ಒಳಗಡೆ ಬಟ್ಟೆ ಒಣಗಿಸುವ ಹಗ್ಗದ ಕೆಲಸವನ್ನೇ ಮಾಡುತ್ತಿದ್ದವು. ಇದರಿಂದ ಅವುಗಳ ಘನತೆ ಕುಂದುತ್ತದೆಂದು ನನಗೆ ಅನ್ನಿಸುವುದಿಲ್ಲ.

ಇವೆಲ್ಲವೂ ಎರಡು ತಲೆಮಾರಿನೊಳಗೆ ಕಾರಣ ಕಳೆದುಕೊಂಡವು. ನ್ಯೂಯಾರ್ಕಿನ ಕೊನೆಯ ಕುದುರೆಬಂಡಿಯ ದಳ 1922ರ ಡಿಸೆಂಬರಿನಲ್ಲಿ ಬ್ರೂಕ್ಲಿನ್‌ನಲ್ಲಿ ನಿವೃತ್ತವಾಯಿತು. ಕುದುರೆ ಹೋದಾಗ ಲಾಯವೂ ಹುಲ್ಲಿನ ಅಟ್ಟವೂ ಖಾಲಿಯಾದದ್ದು ಮೇಲ್ನೋಟಕ್ಕೆ ಕಾಣುವ ಬದಲಾವಣೆ. ಅದಕ್ಕಿಂತ ದೊಡ್ಡ ಬದಲಾವಣೆ ನಗರದ ನಕ್ಷೆಯಲ್ಲಾಯಿತು. ಭಾರದ ಉಗಿಯಂತ್ರವನ್ನು ಎಳೆದುಕೊಂಡು ಕುದುರೆಗಳು ಪೂರ್ಣ ವೇಗದಲ್ಲಿ ಓಡಬಲ್ಲ ದೂರ ಹೆಚ್ಚೆಂದರೆ ಒಂದೆರಡು ಕಿಲೋಮೀಟರು. ಆ ಅಳತೆಗೆ ತಕ್ಕಂತೆ ಠಾಣೆಗಳನ್ನು ಒತ್ತೊತ್ತಾಗಿ ಕಟ್ಟಲಾಗಿತ್ತು. ಮೋಟಾರು ಬಂದ ಮೇಲೆ ಒಂದು ಠಾಣೆ ಎರಡು ಮೂರು ಠಾಣೆಗಳ ವ್ಯಾಪ್ತಿಯನ್ನು ನೋಡಿಕೊಳ್ಳಬಲ್ಲದಾಯಿತು. ಇಂದು ಠಾಣೆಗಳನ್ನು ಮುಚ್ಚುವ ನಿರ್ಧಾರಗಳ ಹಿಂದೆ ವೆಚ್ಚ ಕಡಿತ, ಕಡಿಮೆಯಾದ ಬೆಂಕಿ ಪ್ರಕರಣಗಳು, ನಗರದ ಮಧ್ಯದ ಜಮೀನಿನ ಬೆಲೆ ಇವೆಲ್ಲ ಇದ್ದರೂ, ತಳದಲ್ಲಿ ಇರುವುದು ಕುದುರೆಯ ಓಟಕ್ಕೆ ಹೊಂದಿಸಿದ ಆ ಹಳೆಯ ಹೆಣಿಗೆಯೇ. ಹೆಣಿಗೆ ಹಳೆಯದಾದ ಮಾತ್ರಕ್ಕೆ ಅದರ ಪ್ರತಿ ಎಳೆಯೂ ಬೇಡವಾಗುತ್ತದೆಂದೇನಿಲ್ಲ. ಸಂಚಾರ ದಟ್ಟಣೆಯ ನಗರದಲ್ಲಿ ಮೋಟಾರು ವಾಹನದ ಲಾಭ ನಕ್ಷೆಯಲ್ಲಿ ಕಂಡಷ್ಟು ಬೀದಿಯಲ್ಲಿ ಸಿಗುವುದಿಲ್ಲ. 2014ರ ಜನವರಿಯಲ್ಲಿ ಲಂಡನ್ ಒಂದೇ ದಿನ ಹತ್ತು ಠಾಣೆಗಳನ್ನು ಮುಚ್ಚಿದಾಗ ನಡೆದ ಜಗಳದ ತಿರುಳು ಇದೇ ಆಗಿತ್ತು. ಹಾಗೆ ಮುಚ್ಚಿದವುಗಳಲ್ಲಿ 1872ರಿಂದ ಸೇವೆಯಲ್ಲಿದ್ದ ಕ್ಲರ್ಕನ್‌ವೆಲ್ ಠಾಣೆಯೂ ಇತ್ತು.

ಮುಚ್ಚದೆ ಉಳಿದ ಹಳೆಯ ಠಾಣೆಗಳಲ್ಲಿ ಕೆಲಸ ಮಾಡುವವರ ಕಷ್ಟ ಬೇರೆ ತೆರನಾದದ್ದು. ಆಧುನಿಕ ವಾಹನಗಳು ಹದಿನೈದು ಇಪ್ಪತ್ತು ಟನ್ ತೂಗುತ್ತವೆ, ದೊಡ್ಡ ಏಣಿ ವಾಹನಗಳು ಅದಕ್ಕಿಂತ ಹೆಚ್ಚು. ನೆಲಮಾಳಿಗೆಯ ಮೇಲಿನ ಹಳೆಯ ನೆಲಹಾಸನ್ನು ಅಂಥ ತೂಕಕ್ಕೆಂದು ಕಟ್ಟಿರಲಿಲ್ಲ. ಕಮಾನಿನ ಅಗಲ ಕುದುರೆಬಂಡಿಯ ಅಗಲಕ್ಕೆ ಹೊಂದಿದ್ದು. ಕನ್ನಡಿಯನ್ನು ಮಡಚಿಕೊಂಡು ಅಂಗುಲದ ಲೆಕ್ಕದಲ್ಲಿ ವಾಹನವನ್ನು ಒಳಗೆ ತರಬೇಕು. ಮಲಗುವ ಕೋಣೆ ಗಂಡಸರಿಗೆಂದು ಮಾಡಿದ ಒಂದೇ ಉದ್ದನೆಯ ಹಜಾರ, ಈಗ ದಳದಲ್ಲಿ ಹೆಂಗಸರೂ ಇದ್ದಾರೆ. ಎಲ್ಲಕ್ಕಿಂತ ಗಂಭೀರವಾದದ್ದು ಆರೋಗ್ಯದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿತು. ಬೆಂಕಿಯ ಸ್ಥಳದಿಂದ ಮಸಿ ಹತ್ತಿದ ಉಡುಪಿನಲ್ಲಿ ಬಂದವರು ಅದೇ ಬಟ್ಟೆಯಲ್ಲಿ ಅಡುಗೆಮನೆಗೋ ಹಾಸಿಗೆಗೋ ಹೋಗದಂತೆ ಕೊಳಕು ಭಾಗವನ್ನೂ ಶುಚಿ ಭಾಗವನ್ನೂ ಬೇರ್ಪಡಿಸುವುದು ಹೊಸ ಠಾಣೆಗಳ ಮೂಲ ನಿಯಮವಾಗಿದೆ. ಹಳೆಯ ಠಾಣೆಯ ಇಡೀ ಜಾಣತನ ಇದಕ್ಕೆ ತದ್ವಿರುದ್ಧ: ಎಲ್ಲವನ್ನೂ ಎಲ್ಲಕ್ಕೂ ಹತ್ತಿರ ತರುವುದೇ ಅದರ ಗುರಿಯಾಗಿತ್ತು. ಮಲಗಿದ್ದವನನ್ನು ಮೂರು ಕ್ಷಣದಲ್ಲಿ ಕೆಳಗಿಳಿಸಿದ ಆ ರಂಧ್ರವೇ ಡೀಸೆಲ್ ಹೊಗೆಯನ್ನು ಅವನ ಹಾಸಿಗೆಯವರೆಗೆ ಕೊಂಡೊಯ್ಯುತ್ತದೆ. ಆದ್ದರಿಂದ ಹಳೆಯ ಠಾಣೆಯನ್ನು ಬಿಟ್ಟುಹೋಗಲು ಬಯಸುವ ಸಿಬ್ಬಂದಿಗೆ ಪರಂಪರೆಯ ಬಗ್ಗೆ ಅಸಡ್ಡೆಯೆಂದು ಹೊರಗಿನಿಂದ ಆಡಿಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ.

ಬಿಟ್ಟುಹೋದ ಮೇಲೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಲಂಡನ್ ರೋಡ್ ಠಾಣೆ ಅತ್ಯಂತ ದೀರ್ಘವಾದ ಪಾಠ. 1906ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಕಟ್ಟಡವನ್ನು ವುಡ್‌ಹೌಸ್, ವಿಲ್ಲೋಬಿ ಮತ್ತು ಲ್ಯಾಂಗಮ್ ಎಂಬ ವಾಸ್ತುಶಿಲ್ಪಿಗಳು ಎಡ್ವರ್ಡ್ ಕಾಲದ ಬರೋಕ್ ಶೈಲಿಯಲ್ಲಿ ರೂಪಿಸಿದರು. ಕೆಂಪು ಇಟ್ಟಿಗೆ, ಹೊಂಬಣ್ಣದ ಟೆರಾಕೋಟಾ, ಗುಮ್ಮಟಗಳು ಮತ್ತು ಗೋಪುರ ಸೇರಿ ಅದು ಒಂದು ಇಡೀ ತ್ರಿಕೋನಾಕಾರದ ನಿವೇಶನವನ್ನು ತುಂಬಿದೆ. ಅಲ್ಲಿ ಅಗ್ನಿಶಾಮಕ ಠಾಣೆಯ ಜೊತೆಗೆ ಪೊಲೀಸ್ ಠಾಣೆ, ಆಂಬುಲೆನ್ಸ್ ಠಾಣೆ, ಬ್ಯಾಂಕು, ಅಸಹಜ ಸಾವುಗಳ ವಿಚಾರಣೆಯ ನ್ಯಾಯಾಲಯ ಮತ್ತು ಗ್ಯಾಸ್ ಮೀಟರುಗಳ ಪರೀಕ್ಷಾ ಕೇಂದ್ರವೂ ಇದ್ದವು. ನಡುವೆ ದೊಡ್ಡ ಅಂಗಳ, ಅಂಗಳದ ಸುತ್ತ ಮೇಲಿನ ಮಹಡಿಗಳಲ್ಲಿ ಸಿಬ್ಬಂದಿಯ ಸಂಸಾರಗಳ ಮನೆಗಳು, ಮನೆಗಳ ಮುಂದೆ ಅಂಗಳವನ್ನು ನೋಡುವ ಮೊಗಸಾಲೆಗಳು. ಅಂದರೆ ಬೀದಿಗೆ ತೋರುವ ಮುಖ ನಗರಪಾಲಿಕೆಯದು, ಅಂಗಳಕ್ಕೆ ತೋರುವ ಮುಖ ಒಂದು ವಠಾರದ್ದು. 1974ರಲ್ಲಿ ಇದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಎರಡನೆಯ ದರ್ಜೆಯ ವಿಶೇಷ ಸ್ಥಾನ ಪಡೆಯಿತು. 1986ರಲ್ಲಿ ಅಗ್ನಿಶಾಮಕ ದಳ ಹೊರನಡೆಯಿತು.

ಅದೇ ವರ್ಷ ಹೋಟೆಲ್ ಉದ್ಯಮವೊಂದು ಕಟ್ಟಡವನ್ನು ಕೊಂಡಿತು. ನಂತರದ ಮೂರು ದಶಕಗಳಲ್ಲಿ ಹೋಟೆಲ್ ಬರಲಿಲ್ಲ. ಸಂರಕ್ಷಿತ ಪಟ್ಟಿಯಲ್ಲಿದ್ದುದರಿಂದ ಕೆಡವುವಂತಿರಲಿಲ್ಲ. ಆದರೆ ಬಳಸದೆ ಬಿಡುವುದನ್ನು ಆ ಪಟ್ಟಿ ತಡೆಯಲಿಲ್ಲ. ಕಟ್ಟಡ ಅಪಾಯದಲ್ಲಿರುವ ಪಾರಂಪರಿಕ ಕಟ್ಟಡಗಳ ದಾಖಲೆಗೂ ಸೇರಿತು. ನಗರಾಡಳಿತ ಕಡ್ಡಾಯ ಸ್ವಾಧೀನಕ್ಕೆ ಯತ್ನಿಸಿತು. 2011ರಲ್ಲಿ ಆ ಆದೇಶಕ್ಕೆ ಒಪ್ಪಿಗೆ ಸಿಗಲಿಲ್ಲ. ಮತ್ತೊಮ್ಮೆ ಸ್ವಾಧೀನದ ಪ್ರಯತ್ನ ಶುರುವಾದಾಗ, 2015ರಲ್ಲಿ ಕಟ್ಟಡ ಬೇರೊಬ್ಬ ಅಭಿವೃದ್ಧಿದಾರರಿಗೆ ಮಾರಾಟವಾಗಿ ಮಿಶ್ರ ಬಳಕೆಯ ಯೋಜನೆಯತ್ತ ಹೊರಳಿತು. ಈ ಇಡೀ ಪ್ರಕರಣದಲ್ಲಿ ಕಾನೂನಿನ ಒಂದು ಕುರುಡು ಜಾಗ ಕಾಣುತ್ತದೆ. ಸಂರಕ್ಷಣೆಯ ಕಾನೂನು ಮಾಲೀಕನಿಗೆ ‘ಇದನ್ನು ಮಾಡಬೇಡ’ ಎಂದು ಹೇಳುವಷ್ಟು ಸಲೀಸಾಗಿ ‘ಇದನ್ನು ಮಾಡು’ ಎಂದು ಹೇಳಲಾರದು. ಅಗ್ನಿಶಾಮಕ ಠಾಣೆಯಂಥ ಕಟ್ಟಡಕ್ಕೆ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಹಗಲೂ ರಾತ್ರಿ ಜನ ಇರುತ್ತಾರೆಂಬ ಊಹೆಯ ಮೇಲೆ ಕಟ್ಟಲಾಗಿದೆ. ಚಾವಣಿಯ ಕಣಿವೆಗಳಲ್ಲಿ ಎಲೆ ತುಂಬಿದರೆ ಮರುದಿನ ಯಾರೋ ತೆಗೆಯುತ್ತಿದ್ದರು. ಆ ‘ಯಾರೋ’ ಹೋದ ಮೇಲೆ ನೀರು ಇಳಿಯಲು ತಡವಾಗುವುದಿಲ್ಲ.

ಹೊಸ ಬಳಕೆಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಹೋಟೆಲು ಮತ್ತು ವಸತಿ ಸಮುಚ್ಚಯ ಹಣದ ದೃಷ್ಟಿಯಿಂದ ಸುಲಭದ ಉತ್ತರಗಳು, ಆದರೆ ಕಟ್ಟಡದ ಒಡಲಿಗೆ ಅವು ಅತ್ಯಂತ ಕಠಿಣ. ಎರಡಕ್ಕೂ ಸಣ್ಣ ಸಣ್ಣ ಕೋಣೆಗಳು ಬೇಕು, ಪ್ರತಿ ಕೋಣೆಗೂ ಸ್ನಾನದ ಮನೆ ಬೇಕು, ಎಲ್ಲ ಮಹಡಿಗಳನ್ನು ಸೀಳಿಕೊಂಡು ಹೋಗುವ ಕೊಳವೆ ಮಾರ್ಗಗಳು ಬೇಕು. ಜೊತೆಗೆ ಬೀದಿಗೆ ತೆರೆದಿದ್ದ ಬಾಗಿಲುಗಳು ಗಾಜಿನ ಹಿಂದೆ ಮುಚ್ಚಿಹೋಗುತ್ತವೆ. ಇದಕ್ಕೆ ಹೋಲಿಸಿದರೆ ನ್ಯೂಯಾರ್ಕಿನ ಎಂಜಿನ್ ಕಂಪನಿ 31ರ ಪಾಡು ಮೇಲು. 1972ರಲ್ಲಿ ದಳ ಖಾಲಿ ಮಾಡಿದ ಆ ಕಟ್ಟಡಕ್ಕೆ ಸಮುದಾಯ ಮಾಧ್ಯಮ ಸಂಸ್ಥೆಯಾದ ಡೌನ್‌ಟೌನ್ ಕಮ್ಯುನಿಟಿ ಟೆಲಿವಿಷನ್ ಸೆಂಟರ್ ಬಂದು ನೆಲೆಸಿತು. 2022ರಲ್ಲಿ ಅಲ್ಲಿ ಸಾಕ್ಷ್ಯಚಿತ್ರಗಳಿಗೇ ಮೀಸಲಾದ 67 ಆಸನಗಳ ಚಿತ್ರಮಂದಿರ ತೆರೆಯಿತು. ಚಿತ್ರಮಂದಿರಕ್ಕೆ ಬೇಕಾದದ್ದು ಕಂಬಗಳಿಲ್ಲದ ಎತ್ತರದ ಹಜಾರ, ಬೀದಿಯಿಂದ ನೇರ ಪ್ರವೇಶ; ಠಾಣೆಯ ಬಳಿ ಇದ್ದದ್ದೂ ಅದೇ.

ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇನ್ನೊಂದು ಬಗೆಯ ಧೈರ್ಯ ಕಾಣುತ್ತದೆ. ಉತ್ತರ ಯುರೋಪಿನ ಹಳೆಯ ವ್ಯಾಪಾರಿ ಕೂಟವಾದ ಹಾನ್ಸಿಯಾಟಿಕ್ ವರ್ತಕರ ಮನೆಯ ಮಾದರಿಯಲ್ಲಿ ಕಟ್ಟಿದ್ದ ಅಲ್ಲಿನ ಸಂರಕ್ಷಿತ ಅಗ್ನಿಶಾಮಕ ಠಾಣೆಯನ್ನು ಬಂದರು ಪ್ರಾಧಿಕಾರದ ಕಚೇರಿಯಾಗಿ ಬದಲಿಸುವ ಕೆಲಸವನ್ನು ವಾಸ್ತುಶಿಲ್ಪಿ ಜಾಹಾ ಹದೀದ್ ಅವರ ಸಂಸ್ಥೆ ವಹಿಸಿಕೊಂಡು 2016ರಲ್ಲಿ ಮುಗಿಸಿತು. ನಾಲ್ಕೂ ಮುಖಗಳು ಸಮಾನ ಮಹತ್ವದವೆಂದು ಒಪ್ಪಿಕೊಂಡ ವಾಸ್ತುಶಿಲ್ಪಿಗಳು ಹೊಸ ಭಾಗವನ್ನು ಪಕ್ಕಕ್ಕೆ ಅಂಟಿಸದೆ, ಹಡಗಿನ ಒಡಲಿನಂಥ ಗಾಜಿನ ಆಕೃತಿಯೊಂದನ್ನು ಚಾವಣಿಯ ಮೇಲೆ ತೇಲಿಬಿಟ್ಟರು. ಮೇಲಿನ ಆಕೃತಿಯ ಬಗ್ಗೆ ಅಭಿಪ್ರಾಯಭೇದ ಇದ್ದೇ ಇದೆ. ನನ್ನ ಕಣ್ಣಿಗೂ ಅದು ಅತಿಯೆನಿಸುತ್ತದೆ. ಆದರೆ ಕೆಳಗೆ ವಾಹನಗಳು ನಿಲ್ಲುತ್ತಿದ್ದ ಹಜಾರ ಸಾರ್ವಜನಿಕ ವಾಚನಾಲಯವಾಗಿದೆ ಎಂಬುದನ್ನು ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. ಅದೇ ವಾಸ್ತುಶಿಲ್ಪಿಯ ಆರಂಭದ ಕೃತಿಯಾದ ಜರ್ಮನಿಯ ವೈಲ್ ಆಮ್ ರೈನ್‌ನ ವಿಟ್ರಾ ಪೀಠೋಪಕರಣ ಕಾರ್ಖಾನೆಯ ಠಾಣೆ ಇದಕ್ಕೊಂದು ಕುತೂಹಲದ ಅಡಿಟಿಪ್ಪಣಿ. 1981ರಲ್ಲಿ ಕಾರ್ಖಾನೆಯ ಬಹುಭಾಗ ಸುಟ್ಟುಹೋದ ಮೇಲೆ ಯೋಜಿಸಿ 1993ರಲ್ಲಿ ಮುಗಿಸಿದ ಆ ಕಾಂಕ್ರೀಟು ಠಾಣೆ ಕೆಲವೇ ವರ್ಷಗಳಲ್ಲಿ ಪ್ರದರ್ಶನ ಶಾಲೆಯಾಯಿತು. ಹೊಸದಾಗಿದ್ದಾಗಲೇ ಪರಂಪರೆಯಾಗಿಬಿಟ್ಟ ಅಪರೂಪದ ಕಟ್ಟಡ ಅದು.

ಠಾಣೆ ಠಾಣೆಯಾಗಿಯೇ ಮುಂದುವರಿಯುವುದು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯ ಸಂರಕ್ಷಣೆ ಇಲ್ಲ ಎಂಬುದಕ್ಕೆ ಸಿಂಗಪುರದ ಹಿಲ್ ಸ್ಟ್ರೀಟ್‌ನ ಕೇಂದ್ರ ಅಗ್ನಿಶಾಮಕ ಠಾಣೆ ನಿದರ್ಶನ. ಕೆಂಪು ಇಟ್ಟಿಗೆಯ ನಡುನಡುವೆ ಬಿಳಿ ಗಾರೆಯ ಪಟ್ಟಿಗಳಿರುವ ಈ ಶೈಲಿಯನ್ನು ‘ರಕ್ತ ಮತ್ತು ಬ್ಯಾಂಡೇಜು’ ಎಂದು ಜನ ಕರೆಯುವುದುಂಟು. 1908ರಲ್ಲಿ ಪೂರ್ಣಗೊಂಡು, 1998ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಅಲ್ಲಿಂದ ಇಂದಿಗೂ ವಾಹನಗಳು ಹೊರಡುತ್ತವೆ. ಕಟ್ಟಡದ ಒಂದು ಭಾಗವನ್ನು 2001ರಲ್ಲಿ ನಾಗರಿಕ ರಕ್ಷಣೆಯ ಇತಿಹಾಸ ಹೇಳುವ ಸಂಗ್ರಹಾಲಯವಾಗಿ ಮಾಡಲಾಯಿತು. ನ್ಯೂಯಾರ್ಕಿನ ಹುಕ್ ಅಂಡ್ ಲ್ಯಾಡರ್ 8 ಠಾಣೆ ಇನ್ನೊಂದು ಉದಾಹರಣೆ: 1903ರಲ್ಲಿ ಕಟ್ಟಿದ ಅದನ್ನು ಹತ್ತು ವರ್ಷಗಳ ನಂತರ ವ್ಯಾರಿಕ್ ಬೀದಿಯನ್ನು ಅಗಲಗೊಳಿಸುವಾಗ ಅರ್ಧಕ್ಕೆ ಕತ್ತರಿಸಲಾಯಿತು, ಉಳಿದ ಅರ್ಧ ಈಗಲೂ ಸೇವೆಯಲ್ಲಿದೆ. ಮೂಲರೂಪದ ಪಾವಿತ್ರ್ಯವೇ ಅಳತೆಗೋಲಾದರೆ ಅದು ಸೋತ ಕಟ್ಟಡ. ಆದರೆ ಹಾಸಿಗೆಯಿಂದ ಬೀದಿಯವರೆಗಿನ ದಾರಿ ಅಲ್ಲಿ ಇನ್ನೂ ಜೀವಂತವಾಗಿದೆ.

ಮುಂದುವರಿಯುವುದು ಸಾಧ್ಯವಿಲ್ಲದ ಕಡೆ, ಬದಲಾವಣೆಗೆ ಅನುಮತಿ ಕೊಡುವವರು ಮುಂಭಾಗದ ಚಿತ್ರದ ಜೊತೆಗೆ ಕಟ್ಟಡದ ಅಡ್ಡಸೀಳಿಕೆಯ ನಕ್ಷೆಯನ್ನೂ ಮುಂದಿಟ್ಟುಕೊಂಡು ಕೂರಬೇಕು. ದೊಡ್ಡ ಬಾಗಿಲುಗಳು ದಿನದಲ್ಲಿ ಕೆಲವು ಗಂಟೆಯಾದರೂ ಬೀದಿಗೆ ತೆರೆಯುತ್ತವೆಯೇ, ವಾಹನದ ಹಜಾರ ಅಡ್ಡಗೋಡೆಗಳಿಲ್ಲದೆ ಒಂದಾಗಿಯೇ ಉಳಿಯುತ್ತದೆಯೇ, ಗೋಪುರದ ಒಳಪೊಳ್ಳು ಲಿಫ್ಟಿಗೆ ಬಲಿಯಾಗದೆ ತಳದಿಂದ ತುದಿಯವರೆಗೆ ಕಾಣುತ್ತದೆಯೇ, ಹೊಸ ಕೊಳವೆಗಳು ಮಹಡಿಗಳನ್ನು ಎಲ್ಲೆಲ್ಲಿ ಸೀಳುತ್ತವೆ ಮತ್ತು ಅಲ್ಲಿ ಬೆಂಕಿಯ ತಡೆ ಏನಿದೆ ಎಂಬ ಪ್ರಶ್ನೆಗಳನ್ನು ಕಿಟಕಿಯ ಬಣ್ಣಕ್ಕಿಂತ ಮೊದಲು ಕೇಳಬೇಕು. ಮಹಡಿಯ ರಂಧ್ರ, ಸಜ್ಜು ತೂಗುಹಾಕುತ್ತಿದ್ದ ಕೊಕ್ಕೆ, ಲಾಯದ ನೆಲದ ಇಳಿಜಾರು ಇವನ್ನು ಮುಚ್ಚಲೇಬೇಕಾದರೆ ಮುಚ್ಚುವ ಮುನ್ನ ಅಳೆದು ದಾಖಲಿಸುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ. ಕೆಲಸ ಆರಂಭವಾಗುವ ಹೊತ್ತಿಗೆ ಆ ಠಾಣೆಯಲ್ಲಿ ದುಡಿದ ನಿವೃತ್ತ ಸಿಬ್ಬಂದಿ ಬಹುಮಟ್ಟಿಗೆ ಊರಲ್ಲೇ ಇರುತ್ತಾರೆ. ಯಾವ ಕೊಕ್ಕೆ ಯಾವುದಕ್ಕೆಂದು ವಾಸ್ತುಶಿಲ್ಪಿಗಿಂತ ಮೊದಲು ಹೇಳಬಲ್ಲವರು ಅವರು.